ಲಿಸ್ಟ್‌ನ ಸಾಲು ಸ್ವೈಪ್ ಮಾಡಿದಾಗ ಒಳಗೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಜಿಮೇಲ್‌ನಲ್ಲಿ ಒಂದು ಮೇಲ್ ಮೇಲೆ ಬೆರಳಿಟ್ಟು ಪಕ್ಕಕ್ಕೆ ಎಳೆದರೆ ಅದು ಲಿಸ್ಟ್‌ನಿಂದ ಹೋಗಿಬಿಡುತ್ತದೆ. ನಮ್ಮ ಆ್ಯಪ್‌ನಲ್ಲೂ ಹೀಗೇ ಬೇಕು ಅಂದರೆ ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಐಟಂಟಚ್‌ಹೆಲ್ಪರ್ ಎಂಬ ಕೋಡ್ ಸಿದ್ಧವಾಗಿಯೇ ಇದೆ. ಲಿಸ್ಟ್ ತೋರಿಸುವ ರಿಸೈಕ್ಲರ್‌ವ್ಯೂಗೆ ಜೋಡಿಸಿ, ಸ್ವೈಪ್ ಆದಾಗ ನಡೆಯುವ ಆನ್‌ಸ್ವೈಪ್ಡ್ ಒಳಗೆ ನಾಲ್ಕು ಲೈನ್ ಕೋಡ್ ಬರೆದರೆ ಕೆಲಸ ಆಯಿತು ಅನಿಸುತ್ತದೆ. ಅಸಲಿ ಕೆಲಸ ಶುರುವಾಗುವುದೇ ಅಲ್ಲಿಂದ.

ಬೆರಳು ಸುಮಾರು 8 ಡಿಪಿ (ಪರದೆಯ ಮೇಲಿನ ದೂರದ ಅಳತೆ) ಸರಿಯುವ ತನಕ ಅದು ಬರೀ ಟಚ್. ಆಮೇಲೆ ಅಡ್ಡಕ್ಕೆ ಜಾಸ್ತಿ ಸರಿದಿದೆಯೋ, ಮೇಲೆ ಕೆಳಗೆ ಜಾಸ್ತಿಯೋ ಅಂತ ಐಟಂಟಚ್‌ಹೆಲ್ಪರ್ ನೋಡುತ್ತದೆ. ಅಡ್ಡಕ್ಕೆ ಜಾಸ್ತಿ ಇದ್ದರೆ ಸಾಲು ಬೆರಳಿನ ಜೊತೆ ಹೊರಡುತ್ತದೆ. ಬೆರಳು ಎತ್ತಿದಾಗ ಲಿಸ್ಟ್‌ನ ಅರ್ಧ ಅಗಲ ದಾಟಿದ್ದರೆ ಸ್ವೈಪ್ ಆದಂತೆ. ದಾಟದಿದ್ದರೂ, ವೇಗವಾಗಿ ತಳ್ಳಿದರೆ ಸಾಕು.

ನನಗೆ ಭಯ ಈ ಎರಡನೇ ದಾರಿಯದ್ದು. ಬಸ್ಸಿನಲ್ಲಿ ನಿಂತು ಒಂದೇ ಕೈಯಲ್ಲಿ ಫೋನ್ ನೋಡುವವರ ಹೆಬ್ಬೆರಳು ನೇರವಾಗಿ ಮೇಲೆ ಹೋಗುವುದಿಲ್ಲ, ಬಾಗಿ ಹೋಗುತ್ತದೆ. ಸ್ಕ್ರಾಲ್ ಮಾಡಲು ಹೋಗಿ ಸಾಲು ಹಾರಿಹೋಗುತ್ತದೆ. ಎಷ್ಟು ವೇಗವಿದ್ದರೆ ಸ್ವೈಪ್ ಅಂತ ಹೇಳುವ ಗೆಟ್‌ಸ್ವೈಪ್‌ಎಸ್ಕೇಪ್‌ವೆಲಾಸಿಟಿ ಸ್ವಲ್ಪ ಏರಿಸಿದರೆ ಇದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಹಾಗಾದರೆ ಪ್ರತಿ ಸಲ 'ಅಳಿಸಲೇ?' ಅಂತ ಕೇಳಬೇಕಾ? ಬೇಡ. ಬೇಗ ಆಗಲಿ ಅಂತ ತಾನೇ ಸ್ವೈಪ್ ಇಟ್ಟಿದ್ದು? ಅಳಿಸಿ, ಆದರೆ ವಾಪಸ್ ತರುವ ದಾರಿ ಕೊಡಿ. ಪರದೆಯ ಕೆಳಗೆ ಸ್ವಲ್ಪ ಹೊತ್ತು ಬಂದು ಹೋಗುವ, ಬಟನ್ ಇರುವ ಸಂದೇಶದ ಪಟ್ಟಿ, ಸ್ನ್ಯಾಕ್‌ಬಾರ್, ಇರುವುದೇ ಅದಕ್ಕೆ. ಅದರ 'ಲಾಂಗ್' ಅವಧಿ ಬರೀ 2.75 ಸೆಕೆಂಡ್. ಏನಾಯಿತು ಅಂತ ಓದಿ, ಗಾಬರಿಯಾಗಿ, ಬಟನ್ ಹುಡುಕುವಷ್ಟರಲ್ಲಿ ಅದು ಮಾಯ. ಮಿಲಿಸೆಕೆಂಡ್ ಲೆಕ್ಕದಲ್ಲಿ ನೀವೇ ಹೆಚ್ಚು ಸಮಯ ಕೊಡಬಹುದು. ದಯವಿಟ್ಟು ಕೊಡಿ.

ಇನ್ನೊಂದು, ಮೂರನೇ ಸಾಲು ಹೋಯಿತು ಅಂತ 'ಮೂರು' ನೆನಪಿಟ್ಟುಕೊಳ್ಳಬೇಡಿ. ಅಷ್ಟರಲ್ಲಿ ಮೇಲೆ ಹೊಸ ಮೇಲ್ ಬಂದರೆ ಮೂರನೆಯದು ಬೇರೆಯೇ ಆಗಿರುತ್ತದೆ. ಆ ಐಟಂನ ಐಡಿ ಹಿಡಿದುಕೊಳ್ಳಿ. ಡೇಟಾಬೇಸ್‌ನಲ್ಲಿ 'ಅಡಗಿಸಿದೆ' ಅಂತ ಗುರುತು ಹಾಕಿ ಇಡಿ, ನಿಜವಾಗಿ ಅಳಿಸುವುದು ಆಮೇಲೆ. ಆಗ ವಾಪಸ್ ತರುವುದು ಅಂದರೆ ಆ ಗುರುತು ತೆಗೆಯುವುದು, ಅಷ್ಟೇ.

ಸ್ವೈಪ್ ಆದ ಮೇಲೆ ಐಟಂ ತೆಗೆಯದೇ ಬಿಟ್ಟರೆ ಲಿಸ್ಟ್‌ನಲ್ಲಿ ಖಾಲಿ ಜಾಗ ಉಳಿಯುತ್ತದೆ. ಸಾಲು ಪರದೆಯ ಆಚೆ ನಿಂತಿರುತ್ತದೆ. ಆ ಸಾಲನ್ನು ಮತ್ತೆ ತೋರಿಸು ಅಂತ ಲಿಸ್ಟ್‌ಗೆ ಹೇಳುವ ನೋಟಿಫೈಐಟಂಚೇಂಜ್ಡ್ ಕರೆದರೆ ತನ್ನ ಜಾಗಕ್ಕೆ ಬರುತ್ತದೆ.

ಐಫೋನ್‌ನಲ್ಲಿ, ಐಒಎಸ್ 11ರಿಂದ, ಅಂದರೆ 2017ರಿಂದ, ಸಾಲನ್ನು ಪೂರ್ತಿ ಎಳೆದರೆ ಮೊದಲ ಆ್ಯಕ್ಷನ್ ತಾನಾಗಿಯೇ ನಡೆಯುತ್ತದೆ. ಮೊದಲನೆಯದು ಡಿಲೀಟ್ ಆಗಿದ್ದರೆ ಇದನ್ನು ಆಫ್ ಮಾಡಿಬಿಡಿ. ಆಂಡ್ರಾಯ್ಡ್ 10ರಿಂದ ಈಚೆಗೆ ಜೆಸ್ಚರ್ ನ್ಯಾವಿಗೇಷನ್ (ಕೆಳಗಿನ ಬಟನ್‌ಗಳ ಬದಲು ಬೆರಳು ಎಳೆದು ಫೋನ್ ನಡೆಸುವುದು) ಹಾಕಿಕೊಂಡಿದ್ದರೆ, ಪರದೆಯ ಅಂಚಿನಿಂದ ಎಳೆದಾಗ 'ಬ್ಯಾಕ್' ಆಗುತ್ತದೆ. ಅಂಚಿನ ಜಾಗಕ್ಕೆ ಜಗಳ ಬೇಡ.

ಕೊನೆಯದಾಗಿ, ಕಣ್ಣು ಕಾಣದವರು ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತಾರೆ. ಅಲ್ಲಿ ಒಂದು ಬೆರಳಿನಿಂದ ಬಲಕ್ಕೆ ಎಳೆದರೆ ಮುಂದಿನ ಐಟಂಗೆ ಹೋಗುತ್ತದೆ. ನೀವು ಇಟ್ಟ ಸ್ವೈಪ್ ಅವರ ಕೈಗೆ ಸುಲಭವಾಗಿ ಸಿಗುವುದೇ ಇಲ್ಲ. ಅಳಿಸಲು ಅದೊಂದೇ ದಾರಿ ಇದ್ದರೆ, ಬಾಗಿಲು ಮುಚ್ಚಿದ್ದು ನಾವೇ ಅಲ್ವಾ? ವ್ಯೂಕಾಂಪ್ಯಾಟ್‌ನ ಆ್ಯಡ್‌ಆ್ಯಕ್ಸೆಸಿಬಿಲಿಟಿಆ್ಯಕ್ಷನ್ ಬಳಸಿದರೆ ಟಾಕ್‌ಬ್ಯಾಕ್‌ನ ಆ್ಯಕ್ಷನ್ ಮೆನುವಿನಲ್ಲಿ 'ಅಳಿಸಿ' ಕಾಣಿಸುತ್ತದೆ. ಸಾಲನ್ನು ತೆರೆದಾಗ ಒಳಗೂ ಒಂದು ಡಿಲೀಟ್ ಬಟನ್ ಇರಲಿ, ಸ್ವೈಪ್ ಇದೆ ಅಂತಲೇ ಗೊತ್ತಿಲ್ಲದವರಿಗೂ ಅದು ಬೇಕು.

ಈಗ ನಿಮ್ಮ ಫೋನ್ ತೆಗೆಯಿರಿ. ಟಾಕ್‌ಬ್ಯಾಕ್ ಆನ್ ಮಾಡಿ, ನೀವೇ ಬರೆದ ಆ್ಯಪ್‌ನಲ್ಲಿ ಒಂದು ಸಾಲು ಅಳಿಸಿ ನೋಡೋಣ. ಆಮೇಲೆ ಪ್ರಶ್ನೆ ಕೇಳಿ.