ಪಕ್ಕದ ಕೋಣೆಯಲ್ಲಿ ಕೇಳಿ ನೋಡಿ

ಕೇಳುಗರೇ, ನಮಸ್ಕಾರ. ಪ್ರವಾಸ ಹೋದಾಗ ಊರಿನ ದೊಡ್ಡ ಮ್ಯೂಸಿಯಂ ನೋಡುತ್ತೇವೆ, ಸರಿ. ಅಲ್ಲಿನ ವಿಶ್ವವಿದ್ಯಾಲಯದ ಒಳಗೂ ಒಂದು ಮ್ಯೂಸಿಯಂ ಇರಬಹುದು ಅಂತ ಹೊಳೆಯುವುದೇ ಇಲ್ಲ. ಅದು ಓದುವ ಮಕ್ಕಳದ್ದು, ನಮಗೇನು ಕೆಲಸ ಅಂದುಕೊಳ್ಳುತ್ತೇವೆ, ಅಲ್ವಾ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಶ್ಮೋಲಿಯನ್ ಮ್ಯೂಸಿಯಂ 1683ರಲ್ಲೇ ಜನಸಾಮಾನ್ಯರನ್ನು ಒಳಗೆ ಬಿಟ್ಟಿತ್ತು.

ಇಂಥ ಕಡೆ ವಸ್ತುಗಳನ್ನು ಬರೀ ಚೆಂದಕ್ಕೆ ಅಂತ ತಂದಿರುವುದಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದ ಆಶುತೋಷ್ ಮ್ಯೂಸಿಯಂ ನೋಡಿ. ಶುರುವಾಗಿದ್ದು 1937ರಲ್ಲಿ. ಬಂಗಾಳದ ಕಾಂತಾ ಕಸೂತಿ, ಪಟಚಿತ್ರ, ಸುಟ್ಟಮಣ್ಣಿನ ಬೊಂಬೆಗಳು ಅಲ್ಲಿವೆ. 1950ರ ದಶಕದಲ್ಲಿ ಬಂಗಾಳದ ಚಂದ್ರಕೇತುಗಢ ಅನ್ನುವ ಪ್ರಾಚೀನ ನೆಲೆಯ ಉತ್ಖನನ ಮಾಡಿದವರೂ ಈ ಮ್ಯೂಸಿಯಂನವರೇ. ಹಾಗೆ ಅಗೆದು ತೆಗೆದ ಬೊಂಬೆಯ ಜೊತೆ ಅದು ಯಾವ ಗುಂಡಿಯಲ್ಲಿ, ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತು ಅನ್ನುವ ಲೆಕ್ಕವೂ ಬರುತ್ತದೆ, ಅದರಿಂದಲೇ ಅದರ ಕಾಲ ಹೇಳೋದು. ಅಂಗಡಿಯಲ್ಲಿ ಕೊಂಡ ಹಳೇ ಬೊಂಬೆ ಎಷ್ಟೇ ಚೆನ್ನಾಗಿರಲಿ, ಆ ಲೆಕ್ಕ ಕಳೆದೇಹೋಗಿರುತ್ತದೆ.

ಮೈಸೂರು ವಿಶ್ವವಿದ್ಯಾಲಯದ ಜಾನಪದ ಮ್ಯೂಸಿಯಂ 1968ರದ್ದು. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ದುಡಿಮೆ. ತೊಗಲುಗೊಂಬೆ, ಯಕ್ಷಗಾನದ ವೇಷ, ಬೇಸಾಯದ ಸಾಮಾನು ಎಲ್ಲ ಸೇರಿಸಿಟ್ಟಿದ್ದು ರಾಜಕುಮಾರಿಗಾಗಿ ಕಟ್ಟಿಸಿದ ಜಯಲಕ್ಷ್ಮಿವಿಲಾಸದಲ್ಲಿ. ಅರಮನೆಯಲ್ಲಿ ರೈತರ ಸಾಮಾನು! ನನಗಂತೂ ಇದು ಬಹಳ ಇಷ್ಟ.

ಈಗ ಹೋಗುವ ವಿಷಯ. ವಿಶ್ವವಿದ್ಯಾಲಯಕ್ಕೆ ರಜೆ ಅಂದರೆ ಸಾಮಾನ್ಯವಾಗಿ ಇದಕ್ಕೂ ರಜೆ, ಹಾಗಾಗಿ ಕೆಲಸದ ದಿನ, ಮೊದಲೇ ಫೋನ್ ಮಾಡಿ ಹೋಗಿ. ಬೀಗ ಹಾಕಿದ್ದರೆ ಸುಮ್ನೆ ವಾಪಸ್ ಬರಬೇಡಿ, ಇತಿಹಾಸ ವಿಭಾಗದಲ್ಲೋ ಜಾನಪದ ವಿಭಾಗದಲ್ಲೋ ಕೇಳಿ, ಕೀಲಿ ಅಲ್ಲೇ ಇರಬಹುದು. ವಸ್ತುವಿನ ಪಕ್ಕದ ಚೀಟಿಯಲ್ಲಿ ‘ವೀರಗಲ್ಲು’ ಅಂತ ಒಂದೇ ಪದ ಬರೆದಿದ್ದರೆ ಬೇಜಾರು ಬೇಡ, ಅದರ ಶಾಸನ ಓದಿದ ಮೇಷ್ಟ್ರು ಪಕ್ಕದ ಕೋಣೆಯಲ್ಲೇ ಪಾಠ ಮಾಡುತ್ತಿರಬಹುದು. ಎಲ್ಲಿಂದ ತಂದಿರಿ, ಯಾರು ಬಳಸುತ್ತಿದ್ದರು, ಉಗ್ರಾಣದಲ್ಲಿ ಇನ್ನೇನಿದೆ ಅಂತ ಕೇಳಿ. ಹೊರಗಿಟ್ಟಿದ್ದಕ್ಕಿಂತ ಒಳಗಿರುವುದೇ ಜಾಸ್ತಿ ಇರುತ್ತದೆ.

ಫೋಟೊ ಕೇಳಿ ತೆಗೆಯಿರಿ. ತಾಳೆಗರಿ, ಹಳೇ ಬಟ್ಟೆಗೆ ಫ್ಲ್ಯಾಶ್ ಬೇಡ.

ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಗಾಜಿನ ಹಿಂದಿರುವ ಸಾಮಾನನ್ನು ಅವರು ಕೈಯಾರೆ ಬಳಸಿರಬಹುದು. ‘ಇದನ್ನ ಹೀಗೆ ಹಿಡಿಯೋದಲ್ಲ’ ಅಂತ ಅವರು ಅಂದರೆ ನೀವು ಸುಮ್ಮನಿರಿಸಬೇಡಿ, ಅಲ್ಲಿಯವರನ್ನು ಕರೆದು ಬರೆದುಕೊಳ್ಳೋಕೆ ಹೇಳಿ.