ಒಂಬತ್ತು ಗಂಟೆಯ ಆಟ, ನೂರು ಜಿಬಿ

ಕೇಳುಗರಿಗೆ ನಮಸ್ಕಾರ.

ಉಡುಪಿ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಭೂತಕೋಲ, ನಮ್ಮ ಕಡೆ ಆಟ ಅಂತ ಕರೆಯುವ ಯಕ್ಷಗಾನ, ಯಾವುದಕ್ಕೆ ಕರೆದರೂ ಕ್ಯಾಮೆರಾ ಹಿಡಿದು ಹೊರಡುತ್ತೇನೆ. ಕಳೆದ ವರ್ಷ ಅಕ್ಕನ ಮನೆಯಲ್ಲೇ ಹರಕೆಯ ಆಟ ಇತ್ತು. ಭಾವ ಮಸ್ಕತ್‌ನಲ್ಲಿದ್ದಾರೆ, ರಜೆ ಸಿಗಲಿಲ್ಲ. ಮರುದಿನವೇ ಫೋನು. "ಮಾರಾಯ, ನನಗೆ ಪೂರ್ತಿ ಆಟ ಬೇಕು. ಜಿಪ್ ಮಾಡಿ ಕಳಿಸು, ಸಣ್ಣ ಆಗ್ತದಲ್ಲ?"

ಜಿಪ್ ಅಂದರೆ ಕಂಪ್ಯೂಟರಿನಲ್ಲಿ ಫೈಲನ್ನು ಒತ್ತಿ ಸಣ್ಣದು ಮಾಡಿ ಕಟ್ಟುವುದು. ಈ ಮಾತು ನನಗೆ ಹೊಸದಲ್ಲ. ಅಂಗಡಿಗೆ ಬರುವವರೆಲ್ಲ ಹೇಳುವುದೂ ಇದನ್ನೇ. ವಿಡಿಯೋ ಜಿಪ್‌ನಲ್ಲಿ ಸಣ್ಣ ಆಗುವುದಿಲ್ಲ ಅಂತ ಬಾಯಲ್ಲಿ ಹೇಳಿದರೆ ಭಾವ ನಂಬುವ ಜನ ಅಲ್ಲ. ಸರಿ, ಮಾಡಿಯೇ ನೋಡುವ ಅಂದುಕೊಂಡೆ.

ಮೊದಲು ಲೆಕ್ಕ. ನನ್ನ ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್ ಬರೆಯುತ್ತದೆ, ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ 3 ಮೆಗಾಬೈಟ್, 3 ಎಂಬಿ. ಗಂಟೆಗೆ ಹತ್ತಿರ ಹತ್ತಿರ 11 ಜಿಬಿ. ರಾತ್ರಿ ಒಂಬತ್ತಕ್ಕೆ ಶುರುವಾದ ಆಟ ಬೆಳಗ್ಗೆ ಆರಕ್ಕೆ ಮುಗಿಯುವಾಗ ನೂರು ಜಿಬಿ ಆಗಿತ್ತು. ನಮ್ಮಲ್ಲಿ ಇಂಟರ್ನೆಟ್ ಅಪ್‌ಲೋಡ್ 20 ಮೆಗಾಬಿಟ್ ಸಿಕ್ಕಿದರೆ ಪುಣ್ಯ. ಅದರಲ್ಲಿ ನೂರು ಜಿಬಿ ಕಳಿಸಲು ಹನ್ನೊಂದು ಗಂಟೆ ಬೇಕು. ಆಟ ಆಡಿದ್ದಕ್ಕಿಂತ ಜಾಸ್ತಿ ಹೊತ್ತು! ನಡುವೆ ಕರೆಂಟ್ ಹೋದರೆ ಕಥೆ ಮುಗಿಯಿತು.

ನಾಲ್ಕು ಜಿಬಿಯ ಒಂದು ತುಂಡು ತೆಗೆದುಕೊಂಡೆ. ವಿಂಡೋಸ್‌ನಲ್ಲೇ ಇರುವ ಜಿಪ್, ಆಮೇಲೆ ಅದೇ ಕೆಲಸ ಮಾಡುವ ವಿನ್‌ರಾರ್, ಸೆವೆನ್‌ಜಿಪ್ ಎಂಬ ಸಾಫ್ಟ್‌ವೇರ್, ಮೂರರಲ್ಲೂ ಆ ತುಂಡನ್ನು ಒತ್ತಿ ನೋಡಿದೆ. ಸೆವೆನ್‌ಜಿಪ್‌ಗೆ ಅಲ್ಟ್ರಾ, ಅಂದರೆ ಆದಷ್ಟು ಗಟ್ಟಿಯಾಗಿ ಒತ್ತು ಅಂತ ಇಟ್ಟು ಊಟಕ್ಕೆ ಹೋದೆ. ಬಂದರೂ ಮುಗಿದಿರಲಿಲ್ಲ, ಫ್ಯಾನು ಮಾತ್ರ ಜೋರಾಗಿ ತಿರುಗುತ್ತಿತ್ತು. ಕೊನೆಗೆ ನೋಡಿದರೆ ಮೂರರ ಫಲಿತಾಂಶವೂ ಒಂದೇ. ನೂರಕ್ಕೆ ಒಂದು ಪಾಲೂ ಇಳಿದಿಲ್ಲ. ಯಾವುದು ಗೆದ್ದಿತು ಅಂತ ಹೇಳುವುದೇ ನಾಚಿಕೆ.

ಅದೇ ದಿನ ತಮಾಷೆಗೆ ಇನ್ನೊಂದು ಮಾಡಿದೆ. ಭಾಗವತರೊಬ್ಬರಿಗೆ ಟೈಪ್ ಮಾಡಿಕೊಟ್ಟ ಪದ್ಯಗಳ ಫೈಲಿತ್ತು, ಬರೀ ಅಕ್ಷರ. ಅದನ್ನು ಜಿಪ್ ಮಾಡಿದರೆ ಕಣ್ಣೆದುರೇ ಕುಗ್ಗಿತು. ಕನ್ನಡ ಫೈಲಿಗೆ ಇದರಲ್ಲಿ ಒಂದು ಲಾಭ ಇದೆ. ಇವತ್ತಿನ ಯೂನಿಕೋಡ್ ಫೈಲಿನಲ್ಲಿ ಸಾಮಾನ್ಯವಾಗಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಹೋಗುತ್ತದೆ. ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಜಿಪ್‌ಗೆ ಬೇಕಾದ್ದು ಇಂಥದ್ದೇ. ಬಂದದ್ದೇ ಮತ್ತೆ ಬಂದರೆ "ಹಿಂದೆ ಇಂಥಲ್ಲಿ ಇದೆ, ನೋಡಿಕೋ" ಅಂತ ಬರೆದು ಮುಂದೆ ಹೋಗುತ್ತದೆ. ಲೆಂಪೆಲ್ ಮತ್ತು ಜಿವ್ ಎಂಬಿಬ್ಬರು 1977ರಲ್ಲಿ ಕೊಟ್ಟ ಉಪಾಯ ಇದು.

ಹಾಗಾದರೆ ವಿಡಿಯೋದಲ್ಲಿ ಬಂದದ್ದೇ ಬರುವುದಿಲ್ಲವಾ? ಬರುತ್ತದೆ, ಬೇಕಾದಷ್ಟು. ಮನೆಯೆದುರಿನ ಬಾಕಿಮಾರು ಗದ್ದೆಯಲ್ಲಿ ಸ್ಟ್ಯಾಂಡ್ ಊರಿ ಕ್ಯಾಮೆರಾ ಇಟ್ಟಿದ್ದೇನೆ. ಹಿಂದಿನ ಪರದೆ ಅಲ್ಲಾಡುವುದಿಲ್ಲ, ರಂಗಸ್ಥಳದ ಕಂಬ ಅಲ್ಲಾಡುವುದಿಲ್ಲ. ಕುಣಿಯುವುದು ವೇಷ ಮಾತ್ರ. ಆದರೆ ಅದನ್ನು ಕ್ಯಾಮೆರಾ ಆಗಲೇ ಕಂಡುಕೊಂಡಿರುತ್ತದೆ. 2003ರಲ್ಲಿ ಬಂದ ಎಚ್.264 ಎಂಬ ವಿಧಾನ ಮಾಡುವ ಮುಖ್ಯ ಕೆಲಸವೇ ಅದು, ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಏನು ಬದಲಾಯಿತೋ ಅದನ್ನಷ್ಟೇ ಬರೆಯುವುದು. ಫುಲ್ ಎಚ್‌ಡಿಯ ಒಂದು ಚಿತ್ರ ಒತ್ತದೆ ಹಾಗೇ ಇಟ್ಟರೆ 6 ಎಂಬಿ ಮೇಲಿದೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಅಂದರೆ 155 ಎಂಬಿ. ಅದನ್ನು 3 ಎಂಬಿಗೆ ಇಳಿಸಿ ಕಾರ್ಡಿಗೆ ಬರೆದಾಗಿದೆ. ನಾವು ಜಿಪ್ ಮಾಡುವುದು ಅಂದರೆ ಎಣ್ಣೆ ತೆಗೆದ ಹಿಂಡಿಯನ್ನು ಮತ್ತೆ ಗಾಣಕ್ಕೆ ಹಾಕಿದ ಹಾಗೆ.

ಇನ್ನೂ ಸಣ್ಣದು ಮಾಡಬೇಕಾದರೆ ಚಿತ್ರದಲ್ಲೇ ಏನಾದರೂ ಬಿಡಬೇಕು. ಅದಕ್ಕೆ ಹ್ಯಾಂಡ್‌ಬ್ರೇಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರಲ್ಲಿ ಗುಣಮಟ್ಟಕ್ಕೆ ಒಂದು ಅಂಕೆ ಇರುತ್ತದೆ. ಅಂಕೆ ಏರಿದಷ್ಟೂ ಫೈಲು ಇಳಿಯುತ್ತದೆ, ಚಿತ್ರವೂ ಇಳಿಯುತ್ತದೆ. ಆಸೆಯಿಂದ 30 ಇಟ್ಟೆ. ಫೈಲು ಸಣ್ಣದಾಯಿತು, ಖುಷಿಯೋ ಖುಷಿ. ಹಾಕಿ ನೋಡಿದೆ. ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬರುವ ಜಾಗ. ರಾಳದ ಪುಡಿ ಎಸೆದಾಗ ಭಗ್ಗೆಂದು ಬೆಂಕಿ ಏಳುತ್ತದಲ್ಲ, ಅಲ್ಲಿ ಪರದೆಯ ತುಂಬ ಚೌಕ ಚೌಕ. ಕಿಡಿ, ಹೊಗೆ, ಓಡುವ ಮಕ್ಕಳು, ಪ್ರತಿ ಚಿತ್ರದಲ್ಲೂ ಎಲ್ಲವೂ ಬೇರೆ. "ಬದಲಾದದ್ದು ಮಾತ್ರ" ಅಂತ ಬರೆಯಹೊರಟರೆ ಎಲ್ಲವನ್ನೂ ಬರೆಯಬೇಕು, ನಾನು ಕೊಟ್ಟದ್ದು ಅಷ್ಟು ಜಾಗ ಅಲ್ಲ. ಹಿಂದಿನ ಕತ್ತಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಮುಖದ ಮೇಲೆ ಗಂಟೆಗಟ್ಟಲೆ ಕೂತು ಇಟ್ಟ ಅಕ್ಕಿಹಿಟ್ಟಿನ ಚುಟ್ಟಿ, ಮುಳ್ಳು ಮುಳ್ಳಾಗಿ ಕಾಣಬೇಕಾದದ್ದು, ಮೊಸರು ಮೆತ್ತಿದ ಹಾಗಿತ್ತು. ಆ ಕಲಾವಿದರು ನೋಡಿದ್ದರೆ ನನ್ನನ್ನು ಅವರು ಬಣ್ಣ ಹಚ್ಚುವ ಚೌಕಿಗೆ ಸೇರಿಸುತ್ತಿರಲಿಲ್ಲ.

22ಕ್ಕೆ ಇಳಿಸಿದೆ. ಚುಟ್ಟಿ ಮರಳಿ ಬಂತು, ಫೈಲು ಮೂಲದ ಮೂರನೇ ಒಂದು ಪಾಲಿನಷ್ಟಾಯಿತು. ಎಚ್.264ರ ನಂತರ ಬಂದ ಎಚ್.265 ಇಟ್ಟರೆ ಇನ್ನೂ ಇಳಿಯುತ್ತಿತ್ತು, ಆದರೆ ನನ್ನ ಹಳೆಯ ಕಂಪ್ಯೂಟರಿಗೆ ಅದು ತುಂಬ ನಿಧಾನ. ಅಕ್ಕನ ಮನೆಯ ಟಿವಿಯಲ್ಲಿ ಅದು ಓಡುವುದೂ ಇಲ್ಲ.

ಹಾಗಂತ ಸೆವೆನ್‌ಜಿಪ್ ದಂಡ ಅಲ್ಲ. ಒತ್ತದೆ ಸುಮ್ನೆ ಕಟ್ಟು ಅಂತ ಹೇಳಲು ಅದರಲ್ಲಿ ಸ್ಟೋರ್ ಅಂತ ಇದೆ, ಬೇಗ ಮುಗಿಯುತ್ತದೆ. ಎರಡೆರಡು ಜಿಬಿಯ ತುಂಡು ಮಾಡಿ ಕಳಿಸಿದೆ. ಯಾವ ತುಂಡು ಹಾಳಾಗಿದೆಯೋ ಅದನ್ನಷ್ಟೇ ಮತ್ತೆ ಕಳಿಸಿದರಾಯಿತು. ಬಿಡಿಸುವಾಗ ಒಂದು ಬೈಟ್ ತಪ್ಪಿದ್ದರೂ ಅದು ಹೇಳುತ್ತದೆ. ವಿನ್‌ರಾರ್ ಇನ್ನೂ ಒಂದು ಹೆಜ್ಜೆ ಮುಂದೆ. ರಿಕವರಿ ರೆಕಾರ್ಡ್ ಅಂತ ರಿಪೇರಿಗೆ ಬೇಕಾದ ಹೆಚ್ಚುವರಿ ಮಾಹಿತಿ ಸೇರಿಸಿ ಕಟ್ಟಿದರೆ ಸಣ್ಣಪುಟ್ಟ ಹಾಳನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಇಬ್ಬರಲ್ಲಿ ಒಬ್ಬರನ್ನು ಆರಿಸು ಅಂದರೆ ನಾನು ನೋಡುವುದು ಇದನ್ನೇ, ಒತ್ತುವುದನ್ನಲ್ಲ.

ಎರಡು ರಾತ್ರಿ ಬಿಟ್ಟು ಭಾವನ ಫೋನು ಬಂತು. ಎಲ್ಲ ತುಂಡೂ ಬಂದಿದೆ, ನೋಡಿದೆ, ಭಾರೀ ಲಾಯಿಕ್ ಉಂಟು ಅಂದರು. ಎಲ್ಲಿ ನೋಡಿದಿರಿ ಅಂತ ಕೇಳಿದೆ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ, ಮೊಬೈಲಿನಲ್ಲಂತೆ!

ಮೂಲ ನೂರು ಜಿಬಿ ಎರಡು ಹಾರ್ಡ್ ಡಿಸ್ಕಿನಲ್ಲಿದೆ. ಒಂದು ನನ್ನ ಅಂಗಡಿಯಲ್ಲಿ, ಇನ್ನೊಂದು ಅಕ್ಕನ ಮನೆಯ ಕಪಾಟಿನಲ್ಲಿ, ಮಳೆಗಾಲದ ತೇವ ತಾಗದ ಹಾಗೆ ಬಿಗಿ ಮುಚ್ಚಳದ ಡಬ್ಬದೊಳಗೆ. ಡಬ್ಬದ ಮೇಲೆ ಅಕ್ಕ ಬರೆದಿದ್ದಾಳೆ: "ಆಟ. ಮುಟ್ಟಬಾರದು."

ನಮಸ್ಕಾರ.