ಸೂಪರ್‌ಮ್ಯಾನ್ ಬರುವ ಮುಂಚೆ ಕಾಮಿಕ್ ಪುಸ್ತಕದಲ್ಲಿ ಯಾರಿದ್ದರು?

ನಮಸ್ಕಾರ. ನಿಮ್ಮಲ್ಲೊಬ್ಬರು ಒಳ್ಳೆ ಪ್ರಶ್ನೆ ಕಳಿಸಿದ್ದಾರೆ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ. ಆದರೆ ಅದಕ್ಕೂ ನಾಲ್ಕು ವರ್ಷ ಮುಂಚೆಯೇ ಅಮೆರಿಕದ ಅಂಗಡಿಗಳಲ್ಲಿ ಕಾಮಿಕ್ ಪುಸ್ತಕ ಮಾರಾಟಕ್ಕಿತ್ತು. ಹಾಗಾದ್ರೆ ಅದರೊಳಗೆ ಇದ್ದವರು ಯಾರು?

ಜೂಜುಕೋರರು, ತಲೆಹರಟೆ ಹುಡುಗರು, ಪಕ್ಕದ ಮನೆಯವರನ್ನು ನೋಡಿ ಹೊಟ್ಟೆಕಿಚ್ಚು ಪಡುವ ದಂಪತಿಗಳು. ಎಲ್ಲವೂ ಪತ್ರಿಕೆಗಳಲ್ಲಿ ಮೊದಲೇ ಬಂದುಹೋಗಿದ್ದ ನಗೆ ಸ್ಟ್ರಿಪ್‌ಗಳು, ಅಂದರೆ ಸಾಲು ಚೌಕಗಳ ಪಟ್ಟಿ ಚಿತ್ರಗಳು. ಹಳೇ ಸರಕು!

[ಪರದೆಯ ಮೇಲೆ: ಹಳದಿ ನಿಲುವಂಗಿಯ ಹುಡುಗ]

ಹಿನ್ನೆಲೆ ಬೇಗ ಹೇಳಿ ಮುಗಿಸ್ತೀನಿ. 1895ರಲ್ಲಿ ನ್ಯೂಯಾರ್ಕ್‌ನ 'ವರ್ಲ್ಡ್' ಪತ್ರಿಕೆಯಲ್ಲಿ ರಿಚರ್ಡ್ ಔಟ್‌ಕಾಲ್ಟ್ ಬರೆದ ಒಬ್ಬ ಬೋಳುತಲೆ ಹುಡುಗ ಕಾಣಿಸಿಕೊಂಡ. ಅವನೇ ಯೆಲ್ಲೋ ಕಿಡ್. ಮರುವರ್ಷ ಎದುರಾಳಿ ಪತ್ರಿಕೆಯ ಮಾಲೀಕ ಹರ್ಸ್ಟ್ ದುಡ್ಡು ಸುರಿದು ಔಟ್‌ಕಾಲ್ಟ್‌ನನ್ನು ತನ್ನ 'ಜರ್ನಲ್' ಪತ್ರಿಕೆಗೆ ಎಳೆದುಕೊಂಡ. 'ವರ್ಲ್ಡ್'ನ ಮಾಲೀಕ ಪುಲಿಟ್ಜರ್ ಬಿಡ್ತಾನಾ? ಬೇರೆ ಕಲಾವಿದನಿಂದ ಅದೇ ಹುಡುಗನನ್ನು ಬರೆಸಿದ. ಒಂದೇ ಊರು, ಎರಡು ಪತ್ರಿಕೆ, ಎರಡರಲ್ಲೂ ಅದೇ ಬೋಳುತಲೆ. 1897ರಲ್ಲಿ ತುಂಟ ಹುಡುಗರ ಸ್ಟ್ರಿಪ್ 'ಕ್ಯಾಟ್ಸೆನ್‌ಜಾಮರ್ ಕಿಡ್ಸ್' ಶುರುವಾಯಿತು. ಇವೆಲ್ಲ ಎಲ್ಲ ಕಡೆ ಸಿಗುವ ಮಾಹಿತಿ, ಮುಂದೆ ಹೋಗೋಣ.

ಯಾಕಂದ್ರೆ ನನಗೆ ಹುಚ್ಚು ಹಿಡಿಸಿರುವುದು 'ಮಟ್ ಅಂಡ್ ಜೆಫ್'.

1907ರ ನವೆಂಬರ್ 15. 'ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್' ಪತ್ರಿಕೆಯ ಕ್ರೀಡಾ ಪುಟ. ಅಲ್ಲಿನ ಚಿತ್ರಕಾರ ಬಡ್ ಫಿಶರ್ ಪುಟದ ಅಗಲಕ್ಕೂ ಒಂದು ಪಟ್ಟಿ ಚಿತ್ರ ಹಾಕಿದ. ಉದ್ದಕ್ಕೆ ಕಡ್ಡಿ ಥರ ಇರುವ, ಗಲ್ಲವೇ ಇಲ್ಲದ, ಮೀಸೆಯ ಮನುಷ್ಯ ಮಿಸ್ಟರ್ ಎ. ಮಟ್. ಇವನಿಗೆ ಕುದುರೆ ರೇಸಿನ ಚಟ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ರೇಸ್ ಪುಸ್ತಕದಲ್ಲಿ ತಲೆ ಹುದುಗಿಸಿ ನಿಂತಿರ್ತಾರಲ್ಲ, ಥೇಟ್ ಅಂಥವನು.

ಮಜಾ ಇರೋದು ಇಲ್ಲಿ. ಮಟ್ ಬಾಜಿ ಕಟ್ಟುತ್ತಿದ್ದದ್ದು ಅವತ್ತು ನಿಜವಾಗಿ ಓಡಲಿದ್ದ ಕುದುರೆಗಳ ಮೇಲೆ! ಹೆಸರೂ ನಿಜ, ರೇಸೂ ನಿಜ. ಗೆದ್ದನೋ ಸೋತನೋ ತಿಳಿಯಬೇಕಾದರೆ ನಾಳೆಯ ಪೇಪರ್ ಕೊಳ್ಳಲೇಬೇಕು. ಕಾರ್ಟೂನ್ ಅಂದರೆ ಭಾನುವಾರದ್ದು ಅನ್ನುವ ಕಾಲದಲ್ಲಿ ದಿನಾ ಬರುವ ಸ್ಟ್ರಿಪ್ ಗೆದ್ದಿದ್ದು ಹೀಗೆ. ಇವತ್ತಿನ ಸೀರಿಯಲ್‌ನವರು 'ಮುಂದುವರಿಯುವುದು' ಅಂತ ಹಾಕ್ತಾರಲ್ಲ, ಅವರಿಗೂ ಇಷ್ಟು ಸಲೀಸಾದ ಉಪಾಯ ಹೊಳೆದಿಲ್ಲ. ಕಥೆ ಬರೆಯುವ ಕೆಲಸ ಅರ್ಧ ಕುದುರೆಗಳದ್ದೇ!

ಗಿಡ್ಡ ಜೆಫ್ ಬಂದಿದ್ದು 1908ರಲ್ಲಿ. ಎಲ್ಲಿ ಸಿಕ್ಕ ಗೊತ್ತಾ? ಹುಚ್ಚಾಸ್ಪತ್ರೆಯಲ್ಲಿ. ಬಾಕ್ಸಿಂಗ್ ಚಾಂಪಿಯನ್ ಜೇಮ್ಸ್ ಜೆಫ್ರೀಸ್ ತಾನೇ ಅಂದುಕೊಂಡಿದ್ದ ಆಸಾಮಿ.

ಫಿಶರ್ ಮಾತ್ರ ಮಟ್‌ನಂತೆ ದಡ್ಡನಲ್ಲ. 1907ರಲ್ಲಿ ಸ್ಟ್ರಿಪ್ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲೇ ಎದುರಾಳಿ ಪತ್ರಿಕೆ ಹರ್ಸ್ಟ್‌ನ 'ಎಕ್ಸಾಮಿನರ್' ಅವನನ್ನು ಕರೆಯಿತು. 'ಕ್ರಾನಿಕಲ್' ಬಿಡುವ ಮುಂಚೆ ಕೊನೆಯ ಸ್ಟ್ರಿಪ್‌ಗಳ ಮೇಲೆ ಸದ್ದಿಲ್ಲದೆ ಒಂದು ಸಾಲು ಬರೆದ.

[ಪರದೆಯ ಮೇಲೆ ದೊಡ್ಡದಾಗಿ: ಕಾಪಿರೈಟ್ 1907, ಎಚ್. ಸಿ. ಫಿಶರ್]

'ಕ್ರಾನಿಕಲ್' ಬೇರೆಯವರಿಂದ ಮಟ್‌ನನ್ನು ಬರೆಸಲು ಹೊರಟಾಗ ಈ ಒಂದು ಸಾಲು ಅಡ್ಡ ಬಂತು. ಮುಂದೆ ಹರ್ಸ್ಟ್‌ನ ಜೊತೆಗೇ ಜಗಳವಾದಾಗ ಕೋರ್ಟಿನಲ್ಲಿ ಗೆದ್ದಿದ್ದೂ ಫಿಶರ್. ಔಟ್‌ಕಾಲ್ಟ್ ತನ್ನ ಹುಡುಗನನ್ನು ಉಳಿಸಿಕೊಳ್ಳಲು ಆಗಲಿಲ್ಲ. 'ಕ್ಯಾಟ್ಸೆನ್‌ಜಾಮರ್' ಬರೆದ ರುಡಾಲ್ಫ್ ಡರ್ಕ್ಸ್ ಕೋರ್ಟಿಗೆ ಹೋಗಿ ಪಾತ್ರಗಳನ್ನು ಉಳಿಸಿಕೊಂಡ, ಹೆಸರು ಹರ್ಸ್ಟ್‌ನ ಪಾಲಾಯಿತು. ಫಿಶರ್ ಎಷ್ಟು ದುಡ್ಡು ಮಾಡಿದ ಅಂದರೆ, ಆಮೇಲೆ ಸ್ವಂತಕ್ಕೆ ರೇಸ್ ಕುದುರೆಗಳನ್ನೇ ಸಾಕಿದ.

ಈಗ ಪುಸ್ತಕದ ಕಥೆ.

[ದಿನಪತ್ರಿಕೆಯ ದೊಡ್ಡ ಹಾಳೆ ಕೈಯಲ್ಲಿ]

ಈ ಹಾಳೆಯ ಒಂದು ಪುಟ ನೋಡಿ. ಒಮ್ಮೆ ಮಡಚಿದೆ, ಅರ್ಧ. ಇನ್ನೊಮ್ಮೆ ಮಡಚಿದೆ. ಈಗ ಕೈಯಲ್ಲಿರೋದು ಹೆಚ್ಚುಕಡಿಮೆ ಒಂದು ಕಾಮಿಕ್ ಪುಸ್ತಕದ ಅಳತೆ. ಈಸ್ಟರ್ನ್ ಕಲರ್ ಅನ್ನುವ ಕಂಪನಿ ಭಾನುವಾರದ ಬಣ್ಣದ ಪುಟಗಳನ್ನು ಅಚ್ಚು ಹಾಕುತ್ತಿತ್ತು. ಮಷೀನು ಖಾಲಿ ನಿಲ್ಲಬಾರದು, ಅಷ್ಟೇ ಅವರ ಚಿಂತೆ. ಹಳೇ ಸ್ಟ್ರಿಪ್‌ಗಳನ್ನು ಚಿಕ್ಕದು ಮಾಡಿ, ಮಡಚಿ, ಪಿನ್ ಹೊಡೆದರು. 1933ರಲ್ಲಿ ಹುಟ್ಟಿದ್ದು 32 ಪುಟದ 'ಫನ್ನೀಸ್ ಆನ್ ಪೆರೇಡ್'. ಸೋಪಿನ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ಗಾಗಿ 10,000 ಪ್ರತಿ. ಕೂಪನ್ ಕಳಿಸಿದವರಿಗೆ ಫ್ರೀ. ಒಳಗೆ ನಮ್ಮ ಮಟ್, ಜೆಫ್ ಇಬ್ಬರೂ ಹಾಜರ್.

ಅಲ್ಲೇ ಕೆಲಸಕ್ಕಿದ್ದ ಮ್ಯಾಕ್ಸ್ ಗೇನ್ಸ್‌ಗೆ ಅನಿಸಿತು, ಫ್ರೀ ಯಾಕೆ ಕೊಡಬೇಕು? ಇಂಥದ್ದೇ ಕೆಲವು ಪ್ರತಿಗಳಿಗೆ 10 ಸೆಂಟಿನ ಚೀಟಿ ಅಂಟಿಸಿ ಪೇಪರ್ ಅಂಗಡಿಯಲ್ಲಿಟ್ಟ, ವಾರಾಂತ್ಯದಲ್ಲೇ ಖಾಲಿ ಅಂತ ಹೇಳುತ್ತಾರೆ. 1934ರಿಂದ 'ಫೇಮಸ್ ಫನ್ನೀಸ್' 10 ಸೆಂಟಿಗೆ ಅಂಗಡಿಗೇ ಬಂತು.

ಈಗ ಓದಿದರೆ ನಗು ಬರುತ್ತಾ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಅರ್ಧಕ್ಕರ್ಧ ಬರಲ್ಲ. ಜೆಫ್ ಏನೋ ಅನ್ನುತ್ತಾನೆ, ಮಟ್ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಾನೆ, ಮುಗೀತು. ಆ ಕಾಲದ ಸ್ಟ್ರಿಪ್‌ಗಳಲ್ಲಿ ಕಪ್ಪು ಜನರನ್ನು, ಚೀನಾದವರನ್ನು ಬರೆದಿರುವ ರೀತಿಯಂತೂ ಅಸಹ್ಯ. 'ಕಾಲವೇ ಹಾಗಿತ್ತು' ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಮಟ್ ಸೋತು ಮನೆಗೆ ಬರುವಾಗಿನ ಬೆನ್ನಿನ ಗೆರೆ ಇದೆಯಲ್ಲ, ಅದಕ್ಕೆ ಈಗಲೂ ನಗ್ತೀನಿ.

ಟೈಮ್ ಆಗ್ತಾ ಬಂತು, ಉಳಿದಿದ್ದು ಒಟ್ಟಿಗೆ. 1935ರಲ್ಲಿ ವೀಲರ್-ನಿಕಲ್ಸನ್ ಎಂಬ ಪ್ರಕಾಶಕ 'ನ್ಯೂ ಫನ್' ಎಂಬ ಕಾಮಿಕ್ ಪುಸ್ತಕದಲ್ಲಿ ಹಳೇದು ಬಿಟ್ಟು ಹೊಸ ಸ್ಟ್ರಿಪ್ ಹಾಕಿದ. 1938ರ ಸೂಪರ್‌ಮ್ಯಾನ್ ಕೂಡ ಪತ್ರಿಕೆಗಳು ಬೇಡ ಅಂದ ಸ್ಟ್ರಿಪ್ಪೇ. ಅದನ್ನು ಕತ್ತರಿಸಿ ಪುಸ್ತಕದ ಪುಟಕ್ಕೆ ಅಂಟಿಸಿದರು. ಇಂದ್ರಜಾಲ ಕಾಮಿಕ್ಸ್‌ನಲ್ಲಿ ನಾವು ಕನ್ನಡದಲ್ಲಿ ಓದಿದ ಫ್ಯಾಂಟಮ್ ಹುಟ್ಟಿದ್ದೂ ಪತ್ರಿಕೆಯಲ್ಲೇ, 1936ರಲ್ಲಿ. ಗೇನ್ಸ್ 1939ರಲ್ಲಿ ತಂದ 'ಆಲ್-ಅಮೆರಿಕನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲೂ ಮಟ್ ಅಂಡ್ ಜೆಫ್. ಮರುವರ್ಷ ಅದೇ ಕಾಮಿಕ್ಸ್‌ನ 16ನೇ ಸಂಚಿಕೆಯಲ್ಲಿ ಸೂಪರ್‌ಹೀರೋ ಗ್ರೀನ್ ಲ್ಯಾಂಟರ್ನ್ ಹುಟ್ಟಿದ. 'ಕ್ರೇಜಿ ಕ್ಯಾಟ್' ಅನ್ನುವ ಸ್ಟ್ರಿಪ್ ಬಗ್ಗೆ ಮಾತೇ ಆಡಲಿಲ್ಲ, ಅದಕ್ಕೆ ಬೇರೆ ವಿಡಿಯೋನೇ ಬೇಕು.

ಅಂದಹಾಗೆ, ಫಿಶರ್ ಅಷ್ಟು ಜಾಣತನದಿಂದ ಬರೆದ ಆ ಕಾಪಿರೈಟ್ ಮುಗಿದು ಎಷ್ಟೋ ಕಾಲವಾಯಿತು. 1907ರ ಮಟ್‌ನನ್ನು ಯಾರು ಬೇಕಾದರೂ ಓದಬಹುದು. ಹುಡುಕಿ ನೋಡಿ. ಅವನ ಟಿಪ್ಸ್ ನಂಬಿ ರೇಸಿಗೆ ಮಾತ್ರ ಹೋಗಬೇಡಿ.